ಸ್ವಿಚ್ಚಿಗೆ ಸುತ್ತಿದ ತಂತಿ

ಬಾಗಿಲು ತೆರೆದಿರುವಾಗ ಲಿಫ್ಟ್ ಎಂದೂ ಚಲಿಸದಂತೆ ಪ್ರೋಗ್ರಾಂ ಬರೆದು, ಅದರಲ್ಲಿ ತಪ್ಪೇ ಇಲ್ಲವೆಂದು ಗಣಿತದಿಂದ ಸಾಧಿಸುವುದು. ನನ್ನ ಮಗಳು ದೆಹಲಿಯಲ್ಲಿ ಐದು ವರ್ಷ ಮಾಡಿದ ಸಂಶೋಧನೆ ಇದೇ. ಪ್ರಬಂಧ ಒಪ್ಪಿಸಲು ವಾರವಿತ್ತು. ಅಲ್ಲೇ ಅವಳ ಜೊತೆಗಿದ್ದ ನಾನು ಓದಿದವಳಲ್ಲ, ಕಂಡದ್ದನ್ನು ಹೇಳಿದೆ.

"ನಮ್ಮ ಬಿಲ್ಡಿಂಗಿನ ಲಿಫ್ಟು ಬಾಗಿಲು ತೆಕ್ಕೊಂಡೇ ಮೇಲೆ ಹೋಯ್ತಲ್ಲೇ ಇವತ್ತು."

"ಸಾಧ್ಯವೇ ಇಲ್ಲಮ್ಮ. ಬಾಗಿಲು ಮುಚ್ಚಿದೆ ಅಂತ ಸ್ವಿಚ್ ಹೇಳ್ದೆ ಅದು ಅಲ್ಲಾಡಲ್ಲ."

"ಆ ಸ್ವಿಚ್ಚಿಗೆ ಲಿಫ್ಟ್ ನಡೆಸೋ ಭಯ್ಯಾ ತಂತಿ ಸುತ್ತಿದಾನೆ. ಬಾ, ನೋಡು."

ಬಾಗಿಲು ತೆರೆದಿದ್ದರೂ ಮುಚ್ಚಿದೆ ಎನ್ನುವಂತೆ ಸ್ವಿಚ್ಚನ್ನು ಒತ್ತಿ ಕಟ್ಟಿದ್ದನ್ನು ಅವನು ನಾಚದೆ ತೋರಿಸಿದ. "ಸ್ವಿಚ್ ಕೆಟ್ಟು ತಿಂಗಳಾಯ್ತು ದೀದಿ. ಲಿಫ್ಟ್ ನಿಲ್ಲಿಸಿದರೆ ಏಳನೇ ಮಹಡಿಯವರು ಬೈತಾರೆ," ಎಂದು ಹಿಂದಿಯಲ್ಲಿ ಹೇಳಿದ. ಏಳನೇ ಮಹಡಿಯವರು ನಾವೇ. ಮಂಡಿನೋವೆಂದು ಬೈದವಳು ನಾನೇ.

ಮಗಳು ಬಿಲ್ಡಿಂಗ್ ನೋಡಿಕೊಳ್ಳುವ ಸೊಸೈಟಿಗೆ ದೂರು ಬರೆದಳು. ನೋಡೋಣ ಎಂದರು. ಆಮೇಲೆ ಪ್ರಬಂಧಕ್ಕೆ ಒಂದು ಸಾಲು ಸೇರಿಸಿದಳು: ಸ್ವಿಚ್ ಸುಳ್ಳು ಹೇಳುವುದಿಲ್ಲ ಎಂದು ಭಾವಿಸಲಾಗಿದೆ. ಆ ಸಾಲಿನ ಬಗ್ಗೆ ಪರೀಕ್ಷಕರು ಯಾರೂ ಕೇಳಲಿಲ್ಲವಂತೆ. ಡಾಕ್ಟರೇಟ್ ಬಂತು.

ಆ ಮನೆಯಲ್ಲಿದ್ದಷ್ಟು ದಿನವೂ ಅವಳು ಮೆಟ್ಟಿಲು ಹತ್ತಿಯೇ ಬಂದಳು. ನಾನು ಲಿಫ್ಟಿನಲ್ಲೇ ಹೋಗುತ್ತಿದ್ದೆ, ಹಿಂದಿನ ಗೋಡೆಗೆ ಬೆನ್ನು ಒತ್ತಿಕೊಂಡು.