ಎಂಟಿಲ್ಲದ ಬಿಲ್ಲೆ

ನಿನ್ನೆ ಟಾರ್ಚ್ ಹುಡುಕುತ್ತ ಅಡುಗೆಮನೆಯ ಡ್ರಾಯರ್ ಎಳೆದಾಗ ಎರಡು ಹಿತ್ತಾಳೆ ಬಿಲ್ಲೆಗಳು ಕೈಗೆ ಸಿಕ್ಕವು. ಮೂಸಿದೆ. ಇನ್ನೂ ಮಷೀನ್ ಎಣ್ಣೆಯ ವಾಸನೆ. ಹಳೆಯದರ ಮೇಲೆ ಕುಟ್ಟಿದ್ದ ಸಂಖ್ಯೆ 12345679. ನಡುವೆ ಎಂಟು ಇಲ್ಲ.

ಪೀಣ್ಯದ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಣ್ಣ ಕೊಟ್ಟದ್ದು. ಗದಗದ ಕಡೆಯವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು. ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಮೇಲೆ ನಂಬರ್ ಹೊಡೆಯುವುದು ಅವರ ಕೆಲಸ. ಒಂದೊಂದು ಅಂಕಿಗೂ ಒಂದೊಂದು ಉಕ್ಕಿನ ಅಚ್ಚು, ಅದರ ತಲೆಗೊಂದು ಸುತ್ತಿಗೆ ಏಟು. ಕೆಲಸಕ್ಕೆ ಕೂರುವ ಮೊದಲು ಒಂದರಿಂದ ಒಂಬತ್ತರವರೆಗೆ ಗುಜರಿ ಚೂರಿನ ಮೇಲೆ ಹೊಡೆದು ನೋಡುವುದು ರೂಢಿ. ಅವರ ಸೆಟ್ಟಿನಲ್ಲಿ ಎಂಟರ ಅಚ್ಚು ಎಲ್ಲೋ ಕಳೆದುಹೋಗಿತ್ತು...

ಅಂಥ ಒಂದು ಚೂರು ಮನೆಗೆ ಬಂದಾಗ ಪಿಯುಸಿ ಓದುತ್ತಿದ್ದ ಮಗಳು ಆ ಸಂಖ್ಯೆಯನ್ನು ಸುಮ್ಮನೆ ಮೊಬೈಲಿನಲ್ಲಿ ಒಂಬತ್ತರಿಂದ ಗುಣಿಸಿದಳು. ಬರೀ ಒಂದುಗಳೇ ಸಾಲಾಗಿ ನಿಂತವು. ಹದಿನೆಂಟರಿಂದ ಗುಣಿಸಿದರೆ ಬರೀ ಎರಡು, ಇಪ್ಪತ್ತೇಳರಿಂದ ಬರೀ ಮೂರು. ವಠಾರವೆಲ್ಲ ಅವರ ಬಾಗಿಲಲ್ಲಿ ನೆರೆಯಿತು. ಎಪ್ಪತ್ತೆರಡರಿಂದ ಗುಣಿಸಿದಾಗ 888888888. "ನೋಡಪ್ಪಾ, ನಿನ್ನ ಎಂಟು ಎಲ್ಲೂ ಹೋಗಿಲ್ಲ. ಸರಿಯಾಗಿ ಗುಣಿಸಿದ್ರೆ ತಾನಾಗೇ ಬರುತ್ತೆ" ಎಂದಳು. ಅಣ್ಣ ಅದೇ ಖುಷಿಯಲ್ಲಿ ಮನೆಗೊಂದು ಬಿಲ್ಲೆ ಮಾಡಿ ಹಂಚಿದರು.

ಮರುವರ್ಷ, ಬೆಳಗ್ಗೆ ಕಾಲೇಜಿಗೆ ಹೋದ ಹುಡುಗಿ ವಾಪಸ್ ಬರಲಿಲ್ಲ. ಠಾಣೆ, ಆಸ್ಪತ್ರೆ, ಬಸ್ ಸ್ಟ್ಯಾಂಡು... ಅಣ್ಣ ಅಲೆಯದ ಜಾಗವಿಲ್ಲ. ಆಡುವ ಬಾಯಿಗೆ ಬೀಗವಿಲ್ಲ ನೋಡಿ, ಯಾರ ಜೊತೆಗೋ ಓಡಿಹೋಗಿರುತ್ತಾಳೆ ಎಂದವರಲ್ಲಿ ಬಿಲ್ಲೆ ಇಸಿದುಕೊಂಡವರೂ ಇದ್ದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ವರ್ಕ್‌ಶಾಪಿನ ಮಾಲೀಕರು ಎಂಟರ ಅಚ್ಚು ತರಿಸುತ್ತೇನೆಂದರೂ ಅಣ್ಣ ಒಪ್ಪಲಿಲ್ಲ. ಬೇಕಾದಾಗಲೆಲ್ಲ ಪಕ್ಕದ ಶೆಡ್ಡಿನಿಂದ ಕೇಳಿ ತಂದು, ಹೊಡೆದು, ವಾಪಸ್ ಕೊಟ್ಟು ಬರುತ್ತಿದ್ದರು. ಯಾಕೆ ಈ ಒದ್ದಾಟ ಎಂದು ಒಮ್ಮೆ ಕೇಳಿದೆ.

"ಹೊಸಾದು ತಂದ್ರ ಹ್ವಾದದ್ದು ಬರಂಗಿಲ್ಲರಿ ಅಕ್ಕಾರ. ತಾನಾಗೇ ಬರ್ತೈತಿ ಅಂತ ಆಕಿನ ಹೇಳ್ಯಾಳಲ್ಲ."

ಹುಚ್ಚು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ಸ್ವಲ್ಪ ನಂಬಿದ್ದೆ.

ವರ್ಷಗಳು ಕಳೆದವು. ವಠಾರ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂದು ಗೊತ್ತಾಗಿ ಒಬ್ಬೊಬ್ಬರೇ ಮನೆ ಖಾಲಿ ಮಾಡತೊಡಗಿದೆವು. ಊರಿಗೆ ಹೊರಟ ದಿನ ಅಣ್ಣ ಬಾಗಿಲಿಗೆ ಬಂದು ನನ್ನ ಕೈಗೆ ಇನ್ನೊಂದು ಬಿಲ್ಲೆ ಇಟ್ಟರು.

"ಎಂಟು ಕೊಂಡೆರಿ" ಎಂದರು.

123456789. ಒಂದೂ ಬಿಟ್ಟಿರಲಿಲ್ಲ. ಚಹಾ ಕುಡಿದು ಹೋಗಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದರು... ಅದೇ ವರ್ಷ ತೀರಿಕೊಂಡರಂತೆ.

ನಿನ್ನೆ ಆ ಸಂಖ್ಯೆಯನ್ನೂ ಎಪ್ಪತ್ತೆರಡರಿಂದ ಗುಣಿಸಿ ನೋಡಿದೆ. 8888888808. ಎಂಟುಗಳ ಸಾಲು ಮುಗಿಯುವ ಮೊದಲು ಒಂದು ಸೊನ್ನೆ ಬಂದು ಕೂತಿತ್ತು.

ಹುಡುಗಿ ಇವತ್ತಿಗೂ ಬಂದಿಲ್ಲ. ಬಂದರೂ, ಅವಳ ದಾರಿ ಕಾಯುವವರು ಈಗ ಯಾರೂ ಇಲ್ಲ.