ಆಂಬುಲೆನ್ಸಿನ ಬ್ಯಾಟರಿ ತಿಂದವರು ಯಾರು

ಯಾವುದೇ ಹೊಸ ಯಂತ್ರ ಕಂಡರೂ ನಮ್ಮ ಸೋದರಮಾವ ಮೊದಲು ಕೇಳುವುದು, "ಇದು ಎಷ್ಟು ತಿನ್ನತ್ತೆ?" ಬೆಲೆ, ಬಣ್ಣ, ಕಂಪನಿ ಯಾವುದೂ ಅವರಿಗೆ ಬೇಡ, ಎಷ್ಟು ಕರೆಂಟ್ ಎಳೆಯುತ್ತದೆಂದು ತಿಳಿದರೆ ಸಮಾಧಾನ. "ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಅಂತ ಮಾತ್ರ ಇವತ್ತಿನವರೆಗೂ ಕೇಳಿಲ್ಲ" ಎಂದು ಅತ್ತೆ ಗೊಣಗುತ್ತಾರೆ.

ನಮ್ಮ ಸಂಘದ ಏಕೈಕ ಆಂಬುಲೆನ್ಸಿನ ಕರೆಂಟಿನ ಉಸ್ತುವಾರಿ ಮಾವನದು. ಅದರಲ್ಲಿ ಎರಡು ಬ್ಯಾಟರಿ ಇರಬೇಕೆಂದು ಹಟ ಹಿಡಿದವರೂ ಅವರೇ: ಒಂದು ಇಂಜಿನ್ನಿಗೆ, ಇನ್ನೊಂದು ರೋಗಿಯ ಯಂತ್ರಗಳಿಗೆ. "ಇಂಜಿನ್ನಿಗೂ ಉಸಿರಿಗೂ ಒಂದೇ ತಟ್ಟೇಲಿ ಬಡಿಸಬಾರದು."

ಆ ಎರಡನೆಯದೇ ಇದ್ದಕ್ಕಿದ್ದಂತೆ ಕೈಕೊಡತೊಡಗಿತು. ಎರಡು ದಿನ ಕರೆ ಬರದೆ ಗಾಡಿ ಶೆಡ್ಡಿನಲ್ಲೇ ನಿಂತರೆ ಮೂರನೇ ದಿನಕ್ಕೆ ಖಾಲಿ. ಒಮ್ಮೆ ಅಜ್ಜಿಯೊಬ್ಬರ ಉಸಿರಾಟದ ಯಂತ್ರ ತನ್ನ ಹೊಟ್ಟೆಯೊಳಗಿನ ಪುಟ್ಟ ಬ್ಯಾಟರಿಯ ಮೇಲೆ ಏದುಸಿರು ಬಿಡುತ್ತಾ ಆಸ್ಪತ್ರೆ ತಲುಪಿತು. ಅಧ್ಯಕ್ಷರು ಸಭೆ ಕರೆದರು. ಅವರು ಕೆಮ್ಮಿದರೂ ಅದು ಭಾಷಣದ ಪೀಠಿಕೆ.

"ಶನಿವಾರದೊಳಗೆ ಸರಿಹೋಗಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀವಿ. ಅವರು ಇದರ ಎರಡರಷ್ಟು ದೊಡ್ಡ ಬ್ಯಾಟರಿ ಹಾಕ್ತಾರಂತೆ."

"ಹಾಕಲಿ ಸಾರ್. ಆಗ ಮೂರನೇ ದಿನದ ಬದಲು ಐದನೇ ದಿನ ಸಾಯುತ್ತೆ" ಎಂದರು ಮಾವ.

ಅಂದು ಸಂಘದ ಕಾರ್ಯದರ್ಶಿಯಾದ ನಾನು ಕೂಡ ಗಂಭೀರವಾಗಿ ತಲೆಯಾಡಿಸಿದೆ. ಯಾರ ಪರವಾಗಿ ಎಂಬುದು ನನಗೂ ಸ್ಪಷ್ಟವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾವ ಗಾಡಿಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಯ ತಂತಿಗೆ ಮೀಟರ್ ಕಚ್ಚಿಸಿ, ರೋಗಿಯ ಮಂಚದ ಮೇಲೆ ಕುಳಿತರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೀಟರ್ ಮೂರು ಆಂಪಿಯರ್ ತೋರಿಸುತ್ತಿತ್ತು.

"ನೋಡಯ್ಯಾ, ಎಲ್ಲಾ ಮಲಗಿದಾರೆ. ಆದ್ರೂ ಅಡುಗೆಮನೇಲಿ ಯಾರೋ ತಿಂತಾ ಇದಾರೆ!" ಅವರ ಮುಖದಲ್ಲಿ ಕೆಲಸ ಹೋಗುವ ಭಯಕ್ಕಿಂತ ಕುತೂಹಲವೇ ಹೆಚ್ಚು.

ಆ ಹೊತ್ತಿಗೆ ತನಿಖೆಗೆಂದು ಅಧ್ಯಕ್ಷರೂ ಬಂದರು. ಮಾವ ಅವರನ್ನೇ ಫ್ಯೂಸ್ ಕೀಳಲು ಕೂರಿಸಿದರು. ಫ್ರಿಜ್ಜಿನದು ಕಿತ್ತರೂ ಮೂರು. ಪಂಪಿನದು ಕಿತ್ತರೂ ಮೂರು. ಮೂಲೆಯಲ್ಲಿ ಹೆಸರಿಲ್ಲದ ಒಂದು ಫ್ಯೂಸ್ ಇತ್ತು. ಅಧ್ಯಕ್ಷರು ಎಳೆದದ್ದೇ ತಡ, ಸೊನ್ನೆ!

"ಸಿಕ್ಕಿಬಿದ್ದ ಕಳ್ಳ!" ಎಂದು ಅಧ್ಯಕ್ಷರು ಕೂಗಿದರು. "ಯಾರ್ರೀ ಅದು?"

ಮಾವ ತಂತಿಯ ಜಾಡು ಹಿಡಿದು ಹೊರಗಿಳಿದು, ಶೆಡ್ಡಿನ ಗೋಡೆಗೂ ಗಾಡಿಗೂ ನಡುವಿನ ಗೇಣಗಲದ ಸಂದಿನಲ್ಲಿ ಕತ್ತು ತೂರಿಸಿದರು. "ಈಗ ಫ್ಯೂಸ್ ಹಾಕಿ ಸಾರ್." ಸಂದಿನ ಗೋಡೆ ಕೆಂಪಗಾಯಿತು. ಹೋದ ತಿಂಗಳು ಅಧ್ಯಕ್ಷರು ಗಾಡಿಯ ಎಡಮಗ್ಗುಲಿಗೆ ಹಾಕಿಸಿದ್ದ ಕೆಂಪು ದೀಪದ ಬೋರ್ಡು, ಅವರ ಹೆಸರು ಹೊತ್ತು, ಯಾರೂ ನೋಡದ ಗೋಡೆಗೆ ಹಗಲೂ ರಾತ್ರಿ ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತಿತ್ತು.

"ಯಾವತ್ತೂ ಆರಬಾರದು ಅಂತ ಬೋರ್ಡಿನವನಿಗೆ... ನಾನೇ ಹೇಳಿದ್ದೆ" ಎಂದರು ಅಧ್ಯಕ್ಷರು. ಅಷ್ಟು ಚಿಕ್ಕ ಭಾಷಣ ಅವರು ಹಿಂದೆಂದೂ ಮಾಡಿರಲಿಲ್ಲ.

"ಇಂಜಿನ್ ಓಡುವಾಗ ಮಾತ್ರ ಉರಿಯೋ ಹಾಗೆ ಮಾಡಿಕೊಡ್ತೀನಿ ಬಿಡಿ" ಎಂದು ಮಾವ ಇಕ್ಕಳ ಎತ್ತಿಕೊಂಡರು.

ಶನಿವಾರ ಬೇರೆಯವರನ್ನು ಯಾರೂ ಕರೆಯಲಿಲ್ಲ. ಗಾಡಿಯ ರಿಪೇರಿ ಪುಸ್ತಕದಲ್ಲಿ ಮಾವ ಬರೆಯುವಾಗ ಅಧ್ಯಕ್ಷರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಕಾರಣ: ಒಂದು ದೀಪ" ಎಂದಷ್ಟೇ ಇತ್ತು. ತಮ್ಮ ಹೆಸರು ಒಂದು ಕಡೆ ಇಲ್ಲವೆಂದು ಆ ಮನುಷ್ಯ ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.