ಗೆರೆಯ ಸಪ್ಪಳ

ಬೇಸಿಗೆ ರಜೆಗೂ ಒಂದು ವಾಸನೆಯಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಅದು ಬೆಲ್ಲದ ವಾಸನೆ. ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಅಪ್ಪ ಗುಮಾಸ್ತನಾಗಿದ್ದ. ಸಂಜೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಮನೆಯೆಲ್ಲ ಸಿಹಿ ಸಿಹಿ. ನನಗೆ ಹತ್ತು ವರ್ಷವಾದ ರಜೆಯಲ್ಲಿ ಮಾತ್ರ, ಗೆಳತಿಯರು ಕೆಳಗೆ ಲಗೋರಿ ಆಡುತ್ತಿದ್ದಾಗ, ನಾನು ಅತ್ತೆಯ ಮುಂದೆ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಜೊತೆಗೇ ಇದ್ದಳು. ಕಾದಂಬರಿ ಬರೆಯುತ್ತಿದ್ದಳು, ಪುಣೆಯಲ್ಲಿ ಬರೆದದ್ದು ಧಾರವಾಡದಲ್ಲಿ ಅಚ್ಚಾಗುತ್ತಿತ್ತು. ಆ ವರ್ಷ ಅವಳ ಕಣ್ಣು ಪೂರ್ತಿ ಹೋಗಿತ್ತು. ಅಪ್ಪನಿಗೆ ಪುರುಸೊತ್ತಿಲ್ಲ, ಅವ್ವ ಓದಿದವಳಲ್ಲ. ಹಾಗಾಗಿ ಹೊಸ ಕಾದಂಬರಿಯನ್ನು ಅತ್ತೆ ಹೇಳುವುದು, ನಾನು ಬರೆಯುವುದು ಎಂದಾಯಿತು. ಕನ್ನಡ ಅಕ್ಷರ ಅವಳೇ ನನಗೆ ಕಲಿಸಿದ್ದಳು.

"ಕೈ ನೊಂದ್ರ ಝಾಡಿಸಿಕೋ, ಸುಮಿ. ಆದ್ರ ವಾಕ್ಯ ನಡುವ ಬಿಟ್ಟು ಏಳಬ್ಯಾಡ" ಎನ್ನುತ್ತಿದ್ದಳು. ತಪ್ಪಾದೀತೆಂದು ನಾನು ಪೆನ್ನು ಎತ್ತಿ ಕೂತರೆ ಇನ್ನೊಂದು ಮಾತು: "ಹೆದರಿಕಿ ಹೋಗ್ಲಿ ಅಂತ ಕಾಯಬಾರದು. ಹೆದರಕೋತ ಹೆದರಕೋತ ಮಾಡಬೇಕು."

ನಾನು ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಅವಳ ಮಾತಿನ ಓಟಕ್ಕೆ ನನ್ನ ಕನ್ನಡ ಅಕ್ಷರ ಸಾಲುತ್ತಿರಲಿಲ್ಲ. ಮೂರನೆಯ ದಿನ ಅವಳ ಕನ್ನಡ ಮಾತನ್ನೇ ಮರಾಠಿ ಅಕ್ಷರಗಳಲ್ಲಿ ಬರೆಯತೊಡಗಿದೆ. ಕೈ ಸರಸರ ಓಡಿತು. ಮೊದಲೆರಡು ದಿನದ ಹಾಳೆಗಳನ್ನೂ ಹಾಗೇ ನಕಲು ಮಾಡಿ, ಹಳೆಯವನ್ನು ಹರಿದುಹಾಕಿದೆ. ಸಾಲು ಮುಗಿದೊಡನೆ, ಶಾಲೆಯ ರೂಢಿಯಂತೆ, ಅಕ್ಷರಗಳ ತಲೆಯ ಮೇಲೆ ಉದ್ದಕ್ಕೂ ಒಂದು ಗೆರೆ.

"ಅದೇನ್ ಸುಮಿ, ಸರ್ ಅಂತ ಸಪ್ಪಳ?"

"ಸಾಲು ಸೊಟ್ಟ ಹೋಗಬಾರದಂತ ಗೆರಿ ಹಾಕಾಕತ್ತೀನಿ, ಅತ್ತಿ."

"ಭಾಳ ಶ್ಯಾಣ್ಯಾಕಿ ನೀ" ಎಂದು ಚುರುಮುರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ರಜೆ ಮುಗಿಯುವಷ್ಟರಲ್ಲಿ ಆರು ನೋಟ್‌ಬುಕ್ ತುಂಬಿದವು. ಅತ್ತೆ ಅವನ್ನು ಬಟ್ಟೆಯಲ್ಲಿ ಸುತ್ತಿ ಹೊಲಿಸಿದಳು. ಅಪ್ಪ ಮೇಲೆ ವಿಳಾಸ ಬರೆದು ಧಾರವಾಡಕ್ಕೆ ಕಳಿಸಿದ. ಮರಾಠಿ ಅಕ್ಷರದ ಸಂಗತಿ ಹೇಳಲು ನನಗೆ ಅಷ್ಟೂ ದಿನ ಅವಕಾಶವಿತ್ತು. ಬಾಯೇ ಬರಲಿಲ್ಲ.

ಮಳೆಗಾಲದಲ್ಲಿ ಪ್ರಕಾಶಕರ ಪತ್ರ ಬಂತು. ಅಪ್ಪ ಗಟ್ಟಿಯಾಗಿ ಓದಿದ. ಕಾದಂಬರಿ ತಲುಪಿಲ್ಲ, ತೊಯ್ದು ಕಳಿಸಿದವರ ಹೆಸರು ಅಳಿಸಿಹೋದ ಒಂದು ಮರಾಠಿ ಕಟ್ಟು ಬಂದಿತ್ತು, ಯಾರೂ ಕೇಳದ್ದರಿಂದ ಅದು ರದ್ದಿ ಕಾಗದದ ಜೊತೆ ಹೋಯಿತು ಎಂದಿತ್ತು. ಅಪ್ಪ ಟಪಾಲಿನವರನ್ನು ಬೈದ. ನಾನು ಗೋಡೆಗೆ ಆತು ನಿಂತಿದ್ದೆ.

ಅತ್ತೆ ತುಸು ಹೊತ್ತು ಮುಖ ಮುಚ್ಚಿಕೊಂಡಿದ್ದಳು. ಆಮೇಲೆ "ಮತ್ತ ಬರಿಯೋಣು. ಮೊದಲಿನಿಂದ. ಕೂಡು, ಸುಮಿ" ಎಂದಳು.

ಈ ಸಲ ಕನ್ನಡದಲ್ಲೇ ಬರೆದೆ, ಒಂದೊಂದು ಒತ್ತಕ್ಷರಕ್ಕೂ ತಡವರಿಸುತ್ತ. ಎರಡು ಸಾಲಾಗಿತ್ತು. ಅತ್ತೆ ಮಾತು ನಿಲ್ಲಿಸಿದಳು.

"ಗೆರಿ ಯಾಕ ಹಾಕವಲ್ಲಿ ಈ ಸಲ?"

ನಾನು ಪೆನ್ನು ಎತ್ತಿದೆ. ಅವಳು ಕೈ ಚಾಚಿ ಹಾಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: "ಏನಾರ ಹೇಳೂದದ ಏನು?"

"ಏನೂ ಇಲ್ಲ, ಅತ್ತಿ."

ಅವಳು ಬೈಯಲಿಲ್ಲ. ಅಂದಿನಿಂದ ಒಂದೊಂದೇ ಪದ ಹೇಳಿ, ನನ್ನ ಪೆನ್ನು ನಿಲ್ಲುವ ತನಕ ಕಾದು, ಮುಂದಿನ ಪದ ಹೇಳುತ್ತಿದ್ದಳು. ಹಾಗೆ ಹನ್ನೊಂದು ಪುಟವಾಯಿತು. ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು.

ಆ ಹನ್ನೊಂದು ಪುಟ ಈಗ ಪುಣೆಯ ಮಗರಪಟ್ಟಾದ ನನ್ನ ಮನೆಯಲ್ಲಿವೆ. ಈಗ ಕನ್ನಡ ಸರಸರ ಬರೆಯುತ್ತೇನೆ, ಹೇಳಿ ಬರೆಸುವವರಿಲ್ಲ. ಕಳೆದುಹೋದ ಆ ಕಥೆಯನ್ನು ನೆನಪು ಮಾಡಿಕೊಳ್ಳಲು ಎಷ್ಟು ಸಲ ಕೂತಿದ್ದೇನೋ. ಬರುವುದಿಲ್ಲ. ಬರೆಯುವ ಅವಸರದಲ್ಲಿ ನಾನದನ್ನು ಕೇಳಿಸಿಕೊಂಡೇ ಇರಲಿಲ್ಲ. ಹನ್ನೊಂದನೆಯ ಪುಟದ ಕೊನೆಯ ವಾಕ್ಯ ಪೂರ್ತಿಯಾಗಿದೆ. ಅತ್ತೆ ನಡುವೆ ಬಿಟ್ಟು ಎದ್ದವಳಲ್ಲ. ಅವಳು ಕೇಳಿ, ಕಾದು ಕೂತ ಒಂದು ವಾಕ್ಯ ಮಾತ್ರ ಇನ್ನೂ ನನ್ನ ಬಾಯಲ್ಲೇ ಇದೆ.